ನದಿ ಗಂಡು, ಊರು ಹೆಣ್ಣು: ನಮೀಬಿಯಾದ ನಕ್ಷೆಯೊಳಗಿನ ವ್ಯಾಕರಣ

[ಪರದೆಯ ಮೇಲೆ ನಮೀಬಿಯಾದ ನಕ್ಷೆ]

ಕಾವೇರಿಯನ್ನು ತಾಯಿಯೆಂದು ಕರೆಯುವ ನಮಗೆ ನದಿಗಳು ಗಂಡಾಗಿರುವ ನಾಡು ತುಸು ಸೋಜಿಗವೆನಿಸಬೇಕು. ಈ ನಕ್ಷೆಯಲ್ಲಿ ಕುಯಿಸೆಬ್, ಉಗಾಬ್, ಹುವಾಬ್, ಹೋವಾನಿಬ್, ಹೋವಾರುಸಿಬ್ ಎಂಬ ನದಿಗಳೆಲ್ಲ 'ಬ್' ಎಂದು ಮುಗಿಯುತ್ತವೆ. ಗೊಬಾಬಿಸ್, ಖೋರಿಕ್ಸಾಸ್, ಔಸ್ ಎಂಬ ಊರುಗಳು 'ಸ್' ಎಂದು ಮುಗಿಯುತ್ತವೆ. ಇದೇಕೆ ಹೀಗೆ?

ಉತ್ತರವಿರುವುದು ನಾಮಾ ಮತ್ತು ದಮಾರಾ ಜನರು ಆಡುವ ಖೋಯೆಖೋಯೆ ಭಾಷೆಯಲ್ಲಿ. ಇದನ್ನು 'ಖೋಯಿಸಾನ್' ಎಂಬ ಗುಂಪಿಗೆ ಸೇರಿಸುವುದು ರೂಢಿಯಾದರೂ ಆ ಗುಂಪು ಒಂದೇ ಕುಟುಂಬವೆಂದು ಸಿದ್ಧವಾಗಿಲ್ಲ. ಇದರಲ್ಲಿ 20 ಕ್ಲಿಕ್ ವ್ಯಂಜನಗಳಿವೆ. 'ಅಯ್ಯೋ ಪಾಪ' ಎನ್ನುತ್ತ ನಾವು ಲೊಚಗುಟ್ಟುವ ಸದ್ದು ನಮಗೆ ಬರೀ ಮರುಕ, ಅವರಿಗೆ ವ್ಯಂಜನ. ಅದನ್ನು ಬರೆಯಲು ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲವಾದ್ದರಿಂದ ಇಲ್ಲಿ ಕ್ಲಿಕ್‌ಗಳನ್ನು ಬಿಟ್ಟು ಬರೆದಿದ್ದೇನೆ.

[ಪರದೆಯ ಮೇಲೆ: ಖೋಯೆಬ್, ಖೋಯೆಸ್, ಖೋಯೆಇ]

ಖೋಯೆ ಎಂಬ ಪ್ರಕೃತಿಗೆ 'ಬ್' ಹತ್ತಿದರೆ ಗಂಡಸು, 'ಸ್' ಹತ್ತಿದರೆ ಹೆಂಗಸು, 'ಇ' ಹತ್ತಿದರೆ ಯಾರೋ ಒಬ್ಬ ವ್ಯಕ್ತಿ. ಇಷ್ಟಾದರೆ ನಮ್ಮ ಅವನು, ಅವಳುಗಳಿಗೆ ಹತ್ತಿರವೇ. ಆದರೆ ನಾವು ನಪುಂಸಕಕ್ಕೆ ತಳ್ಳಿಬಿಡುವ ಜಡವಸ್ತುಗಳಿಗೂ ಅಲ್ಲಿ ಲಿಂಗವುಂಟು, ಮತ್ತು ಲಿಂಗ ಬದಲಾದರೆ ಅರ್ಥವೇ ಬದಲಾಗಬಹುದು: ಹೇಯ್ಸ್ ಎಂದರೆ ಮರ, ಹೇಯ್ಬ್ ಎಂದರೆ ಕೋಲು. ಉದ್ದನೆಯ ವಸ್ತುಗಳು ಪುಲ್ಲಿಂಗದತ್ತ ವಾಲುವುದು ಸಾಮಾನ್ಯ. ನದಿಗಿಂತ ಉದ್ದನೆಯದು ಇನ್ನೇನಿದೆ?

ನನಗೆ ಅತಿ ಪ್ರಿಯವಾದ ಉದಾಹರಣೆ ನೀರಿನದು. ಗಮ್ಮಿ ಎಂದರೆ ನೀರು, ಪುಲ್ಲಿಂಗ. 'ಮ್' ಮುಂದೆ 'ಬ್' ಪ್ರತ್ಯಯವು 'ಮಿ' ಆಗುವುದು ಅವರ ಸಂಧಿ. ಇದೇ ಗಮ್‌ಗೆ 'ಸ್' ಹತ್ತಿಸಿ, ಮೊದಲಿಗೆ ಬೆಂಕಿ ಎಂಬರ್ಥದ ಪದವನ್ನಿಟ್ಟರೆ ಆಯ್‌ಗಮ್ಸ್, ಅಂದರೆ ಬಿಸಿನೀರಿನ ಬುಗ್ಗೆಗಳ ತಾಣ. ರಾಜಧಾನಿ ವಿಂಡ್‌ಹುಕ್‌ಗೆ ಖೋಯೆಖೋಯೆ ಭಾಷೆಯಲ್ಲಿರುವ ಹೆಸರು ಇದೇ.

ಸ್ವಾಕೋಪ್ ನದಿ ಮಾತ್ರ ಈ ಪಟ್ಟಿಗೆ ಹೊರಗೆ ಎಂದು ನೀವು ಆಕ್ಷೇಪಿಸಬಹುದು. ಮೂಲದಲ್ಲಿ ಅದು ತ್ಸೋವಾಖಾವುಬ್. ಜರ್ಮನ್ನರ ನಾಲಿಗೆಯಲ್ಲಿ 'ಬ್' ಸವೆದು 'ಪ್' ಆಗಿದೆ. ಊಟಕ್ಕೆ ಕೂತವರ ಕ್ಷಮೆ ಕೋರಿ ಹೇಳುವುದಾದರೆ, ಆ ಹೆಸರನ್ನು ಮಲದ್ವಾರ ಮತ್ತು ಮಲ ಎಂದು ಬಿಡಿಸುತ್ತಾರೆ. ಬಹುಕಾಲ ಒಣಗಿದ್ದು, ಪ್ರವಾಹ ಬಂದಾಗ ಕೆಸರನ್ನೆಲ್ಲ ಸಮುದ್ರಕ್ಕೆ ಸುರಿಯುವ ನದಿಗೆ ಇದು ನಿಷ್ಠುರವಾದರೂ ಕರಾರುವಾಕ್ಕಾದ ಹೆಸರು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಸಂಸ್ಕೃತದ 'ರಾಮೌ' ಉರುಹೊಡೆದವರಿಗೆ ಪರಿಚಿತವಾದ ದ್ವಿವಚನ ಇಲ್ಲಿಯೂ ಇದೆ: ಗಂಡಸರಿಬ್ಬರು ಖೋಯೆಖಾ, ಹೆಂಗಸರಿಬ್ಬರಾದರೂ, ಗಂಡೊಂದು ಹೆಣ್ಣೊಂದಾದರೂ ಖೋಯೆರಾ. ಬಹುವಚನಕ್ಕೆ ಗಂಡಸರಾದರೆ ಗು, ಹೆಂಗಸರಾದರೆ ದಿ, ಬೆರೆತಿದ್ದರೆ ನ್. ನಾಮಪದಕ್ಕೆ ನಾನು, ನೀನು, ಅವನು ಎಂಬ ಪುರುಷಭೇದವೂ ಉಂಟು: 'ತಾ' ಸೇರಿಸಿ ಖೋಯೆತಾ ಎಂದರೆ 'ಮನುಷ್ಯನಾದ ನಾನು'.