ಹಗ್ಗದ ದಾರಿಯಲ್ಲಿ ಒಂದು ಭಾನುವಾರ

ಕೇಳುಗರಿಗೆ ನಮಸ್ಕಾರ.

ನಾವಿರುವುದು ಫ್ರಾನ್ಸಿನ ತುಲೂಸ್ ನಗರದಲ್ಲಿ. ಹೋದ ವರ್ಷ ಮೇ ತಿಂಗಳಲ್ಲಿ ಚನ್ನಪಟ್ಟಣದಿಂದ ನಮ್ಮ ಅತ್ತೆ ಬಂದಿದ್ದರು. ಪ್ಯಾರಿಸ್ ನೋಡಿದ್ದಾಯ್ತು, ಐಫೆಲ್ ಗೋಪುರದ ಕೆಳಗೆ ಫೋಟೋನೂ ಆಯ್ತು. ಒಂದು ದಿನ ಕಾಫಿ ಕುಡಿಯುತ್ತಾ, "ಪಟ್ಟಣ ಸಾಕು ಕಣಮ್ಮ, ಒಂದು ಹಳ್ಳಿ ತೋರಿಸಿ" ಅಂದರು.

ಭಾನುವಾರ ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟೆವು. ಅತ್ತೆ, ನಮ್ಮ ಮನೆಯವರು, ಒಂಬತ್ತು ವರ್ಷದ ಮಗಳು ಮತ್ತು ನಾನು. ಹೋಗಬೇಕಾಗಿದ್ದ ಊರು ಸೆಂ ಸೀರ್ ಲಪೊಪೀ. ಲಾಟ್ ನದಿಯ ಮೇಲೆ, ಸುಮಾರು ನೂರು ಮೀಟರ್ ಎತ್ತರದ ಬಂಡೆಗೆ ಅಂಟಿಕೊಂಡ ಹಳ್ಳಿ. 2012ರಲ್ಲಿ ಫ್ರಾನ್ಸಿನ ಟೀವಿ ನೋಡುಗರು ವೋಟು ಹಾಕಿ, ಇದೇ ನಮಗೆ ಅಚ್ಚುಮೆಚ್ಚಿನ ಹಳ್ಳಿ ಅಂತ ಆರಿಸಿದ್ದರು. ಕಾರಿನಲ್ಲಿ ಊರ ಬಾಗಿಲವರೆಗೂ ಹೋಗಬಹುದು. ಆದರೆ ನಾವು ಬೂಜಿಯೆ ಎಂಬ ಪುಟ್ಟ ಊರಿನಲ್ಲಿ ಕಾರು ಬಿಟ್ಟು, ನದಿಯ ದಂಡೆ ಹಿಡಿದು ನಡೆದೆವು. ಒಂದು ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್. ಮರಗಳ ಮೇಲೆ, ಕಲ್ಲುಗಳ ಮೇಲೆ ಕೆಂಪು ಬಿಳಿ ಪಟ್ಟೆ ಬಳಿದಿರುತ್ತಾರೆ, ದಾರಿ ತಪ್ಪುವ ಭಯವಿಲ್ಲ. ನೀರಿನ ಬಾಟಲಿ ಮಾತ್ರ ಕಾರಿನಲ್ಲೇ ಉಳಿಯಿತು. ಅದು ನನ್ನ ತಪ್ಪು. ಮನೆಯವರು ಆಮೇಲೆ ಅದನ್ನು ಹತ್ತು ಸಲವಾದರೂ ನೆನಪಿಸಿದರು.

ಸ್ವಲ್ಪ ದೂರ ಹೋದಮೇಲೆ ದಂಡೆಯೇ ಇಲ್ಲ! ಸುಣ್ಣಕಲ್ಲಿನ ಬಂಡೆ ನೆಟ್ಟಗೆ ನದಿಗೆ ಇಳಿದುಬಿಟ್ಟಿದೆ. ಹಾಗಾಗಿ ದಾರಿಯನ್ನು ಬಂಡೆಯ ಹೊಟ್ಟೆಯಲ್ಲೇ ಕೊರೆದಿದ್ದಾರೆ. ಒಂದು ಪಕ್ಕ ಕಲ್ಲಿನ ಗೋಡೆ, ತಲೆಯ ಮೇಲೂ ಕಲ್ಲು, ಇನ್ನೊಂದು ಪಕ್ಕ ಹಸಿರು ನೀರು. ಅತ್ತೆ ಗೋಡೆ ಸವರಿ ನೋಡಿದರು. ತಣ್ಣಗಿತ್ತು.

ಇದು ಶೋಕಿಗೆ ಮಾಡಿದ ದಾರಿಯಲ್ಲ. 1840ರ ದಶಕದಲ್ಲಿ ದೋಣಿ ಎಳೆಯುವವರಿಗಾಗಿ ಕೊರೆದದ್ದು. ಆ ಕಾಲದಲ್ಲಿ ಕಾಓರ್ ಊರಿನ ದ್ರಾಕ್ಷಾರಸ ಪೀಪಾಯಿಗಳಲ್ಲಿ ತುಂಬಿ, ಈ ನದಿಯಲ್ಲಿ ಇಳಿದು, ಗರೋನ್ ನದಿ ಸೇರಿ, ಬೋರ್ಡೋ ಬಂದರಿಗೆ ಹೋಗುತ್ತಿತ್ತು. ಹೋಗುವಾಗ ಪ್ರವಾಹವೇ ಒಯ್ಯುತ್ತಿತ್ತು. ಬರುವಾಗ? ದಂಡೆಯ ಮೇಲಿಂದ ಹಗ್ಗ ಕಟ್ಟಿ ಎಳೆಯಬೇಕು. ಮನುಷ್ಯರೂ ಎಳೆದರು, ದನ ಕುದುರೆಗಳೂ ಎಳೆದವು. ಮನೆಯವರು ಇಷ್ಟು ಹೇಳಿದ್ದೇ ತಡ, ಮಗಳು ಅಜ್ಜಿಯ ಊರುಗೋಲಿನ ತುದಿ ಹಿಡಿದುಕೊಂಡು, "ಅಜ್ಜಿ, ನೀನು ದೋಣಿ" ಅಂತ ಎಳೆಯಲು ಶುರು ಮಾಡಿದಳು. ನಾವು ನದಿಗೆ ಎದುರಾಗಿ ಹೋಗುತ್ತಿದ್ದೆವು, ಆಟ ಸರಿಯಾಗೇ ಇತ್ತು.

ಗೋಡೆಯಲ್ಲಿ ಒಂದು ಕಡೆ ಮೀನು, ಚಿಪ್ಪು, ಏನೇನೋ ಜಲಚರಗಳ ಉಬ್ಬುಶಿಲ್ಪ ಇದೆ. ಹಳೆಯದು ಅಂದುಕೊಂಡರೆ ಮೋಸ. ದಾನಿಯೆಲ್ ಮೊನಿಯೆ ಎಂಬ ಶಿಲ್ಪಿ ಮೊನ್ನೆ ಮೊನ್ನೆ, ಅಂದರೆ 20ನೇ ಶತಮಾನದ ಕೊನೆಯಲ್ಲಿ ಕೆತ್ತಿದ್ದು. ದೋಣಿಗಳು ಅಷ್ಟು ಹೊತ್ತಿಗೆ ನಿಂತು ಎಷ್ಟೋ ಕಾಲವಾಗಿತ್ತು. 1880ರ ದಶಕದಲ್ಲಿ ಈ ಕಣಿವೆಗೆ ರೈಲು ಬಂತು, ದೋಣಿಗಳಿಗೆ ಕೆಲಸ ಹೋಯಿತು. ಈಗ ಆ ರೈಲೂ ಇಲ್ಲ. ದೋಣಿಯವರ ದಾರಿಯಲ್ಲಿ ಮಾತ್ರ ನಮ್ಮಂಥವರು ಸುಮ್ನೆ ನಡೆದಾಡುತ್ತಿದ್ದೇವೆ.

ಕೊನೆಯ ಏರು ಸ್ವಲ್ಪ ಜಾಸ್ತಿಯೇ. ಬಾಯಾರಿಕೆ ಬೇರೆ. ಊರು ಸೇರಿದ ಕೂಡಲೇ ಮೊದಲು ಕಂಡ ಕೆಫೆಗೆ ನುಗ್ಗಿ ಎರಡು ಜಗ್ ನೀರು ಖಾಲಿ ಮಾಡಿದೆವು.

ಊರಿನಲ್ಲಿರುವ ಜನ ಇನ್ನೂರು ಚಿಲ್ಲರೆ. ಕಲ್ಲು ಹಾಸಿದ ಓಣಿ, ಕಡಿದಾದ ಹೆಂಚಿನ ಮಾಡು, ಮರದ ಚೌಕಟ್ಟಿನ ಗೋಡೆ. ತುದಿಯಲ್ಲಿ ಹಾಳುಬಿದ್ದ ಕೋಟೆ. ಅಲ್ಲಿಂದ ನೋಡಿದರೆ ನದಿ ಕುಡುಗೋಲಿನ ಹಾಗೆ ಬಾಗಿರುವುದು ಕಾಣುತ್ತದೆ. ಆಂದ್ರೆ ಬ್ರೆತೋಂ ಎಂಬ ಪ್ರಸಿದ್ಧ ಕವಿ 1950ರಲ್ಲಿ ಈ ಊರು ನೋಡಿ, ಮರುವರ್ಷವೇ ಇಲ್ಲಿ ಮನೆ ಕೊಂಡ. ಬೇರೆಲ್ಲೋ ಇರಬೇಕು ಅನ್ನುವ ಆಸೆಯೇ ಇಲ್ಲಿ ನಿಂತುಹೋಯಿತು ಎಂದು ಬರೆದ. ಜುಲೈ ಆಗಸ್ಟ್ ತಿಂಗಳಲ್ಲಿ ಬಂದಿದ್ದರೆ, ಆ ಗದ್ದಲ ನೋಡಿ ಅವನಿಗೆ ಬೇರೆ ಆಸೆ ಹುಟ್ಟುತ್ತಿತ್ತೇನೋ!

ಅತ್ತೆಗೆ ಕವಿಯೂ ಬೇಕಿರಲಿಲ್ಲ, ಕೋಟೆಯೂ ಬೇಕಿರಲಿಲ್ಲ. ಒಂದು ಅಂಗಡಿಯ ಕಿಟಕಿಯ ಮುಂದೆ ನಿಂತುಬಿಟ್ಟರು. ಒಳಗೆ ಗೇಣುದ್ದದ ಒಂದು ಮರದ ನಲ್ಲಿ. ಜೇನಿನ ಬಣ್ಣ, ನುಣ್ಣಗೆ, ಕುತ್ತಿಗೆಯ ಸುತ್ತ ಎರಡು ಸಣ್ಣ ಗೆರೆ. ಪೀಪಾಯಿಗೆ ಹಾಕುವ ನಲ್ಲಿ ಅದು. ಈ ಊರು ಒಂದು ಕಾಲಕ್ಕೆ ಮರ ಕಡೆಯುವವರ ಊರು. ಸುತ್ತಲ ಗುಡ್ಡಗಳಲ್ಲಿ ಬ್ವೀ ಅಂತ ಒಂದು ಕುಳ್ಳ ಗಿಡ ಬೆಳೆಯುತ್ತದೆ. ಎಲೆ ಪುಟ್ಟದು, ಮರ ಮಾತ್ರ ಕಬ್ಬಿಣದ ಹಾಗೆ ಗಟ್ಟಿ. ಅದನ್ನು ಕಡೆದು ನಲ್ಲಿ ಮಾಡುತ್ತಿದ್ದರು. ಅವರಿಗೆ ಈ ಕಡೆಯ ಹಳೆಯ ಆಕ್ಸಿತಾನ್ ಮಾತಿನಲ್ಲಿ ರೂಬಿನೆತಾಯ್ರೆ, ಅಂದರೆ ನಲ್ಲಿಯವರು, ಅಂತಲೇ ಹೆಸರು.

"ಲೇತಿನ ಮೇಲೆ ತಿರುಗಿಸಿದ್ದು ನೋಡು, ಉಳಿ ಹಿಡಿದ ಗೆರೆ ಇದು" ಅಂದರು ಅತ್ತೆ. ಅವರ ತವರಿನಲ್ಲಿ ಹಾಲೆ ಮರದ ಬೊಂಬೆ ಕಡೆಯುತ್ತಿದ್ದರು. ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವುದನ್ನು ನೋಡಿಕೊಂಡೇ ಬೆಳೆದವರು. "ಇವರು ಬಣ್ಣ ಹಾಕಿಲ್ಲ. ಮರ ಚೆನ್ನಾಗಿದ್ದರೆ ಯಾಕೆ ಬೇಕು?" ಅಂತ ಅವರೇ ತೀರ್ಪು ಕೊಟ್ಟರು. ಐಫೆಲ್ ಗೋಪುರದ ಮುಂದೆ ಅವರು ಇಷ್ಟು ಹೊತ್ತು ನಿಂತಿರಲಿಲ್ಲ.

ಇಳಿಯುವಾಗ ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದೆವು. ಮತ್ತೆ ಬಂಡೆಯ ದಾರಿ ಬಂತು. ಅತ್ತೆಗೆ ಮಂಡಿ ನೋಯುತ್ತಿತ್ತು. ಊರುಗೋಲು ಮುಂದೆ ಚಾಚಿ, "ಬಾರೇ, ಎಳಿ" ಅಂದರು.

ಮಗಳು ನದಿಯನ್ನೊಮ್ಮೆ ನೋಡಿದಳು. "ಈಗ ಎಳೆಯೋ ಹಾಗಿಲ್ಲ ಅಜ್ಜಿ. ನೀರು ನಮ್ಮ ಜೊತೆಗೇ ಬರ್ತಿದೆ" ಅಂದು ಓಡಿಹೋದಳು.