ಅಂಗಳದ ಪಾಚಿ, ಕ್ಲೋರಿನ್‌ನ ಲೆಕ್ಕ

ನಮಸ್ಕಾರ. ಶಿರಸಿ ಕಡೆಯ ಮಳೆಗಾಲ ಕಂಡವರಿಗೆ ಪಾಚಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಬಚ್ಚಲ ಹಿಂದಿನ ಸಿಮೆಂಟ್ ನೆಲದ ಮೇಲೆ ಕಾಲಿಟ್ಟರೆ ಸೀದಾ ಅಂಗಾತ. ಒಂದು ವರ್ಷ ಅದರ ಮೇಲೆ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಅಷ್ಟೇ ಸಾಕಿತ್ತು. ಆದರೆ ಕೈ ಸುಮ್ನೆ ಇರಬೇಕಲ್ಲ! ಬಚ್ಚಲು ತೊಳೆಯುವ ಆಸಿಡ್ ಬಾಟಲಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು, ಅದನ್ನೂ ಸುರಿದೆ. ಬುಸ್ಸೆಂದು ನೊರೆ ಎದ್ದಿತು, ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು ಹೊಗೆ ನೆಲ ಹಿಡಿದೇ ಹರಡಿಕೊಂಡಿತು, ಮೂಗು ಗಂಟಲು ಎಲ್ಲ ಕಿತ್ತುಬಂದ ಹಾಗಾಗಿ ನಾನು ಕೆಮ್ಮುತ್ತಾ ತೋಟದ ದಣಪೆ ದಾಟಿ ಓಡಿದೆ.

ಪಿಯುಸಿಯಲ್ಲಿ ಉತ್ಕರ್ಷಣ ಸಂಖ್ಯೆ ಅಂತ ಒಂದು ಪಾಠ ಇತ್ತು. ಬಾಯಿಪಾಠ ಮಾಡಿ ಪಾಸಾಗಿದ್ದೆ. ತಲೆಗೆ ಹತ್ತಿದ್ದು ಮಾತ್ರ ಅವತ್ತು.

ಇದು ಎಲೆಕ್ಟ್ರಾನ್‌ಗಳ ಜಮಾಖರ್ಚು. ಬಂಧದಲ್ಲಿರುವ ಎಲೆಕ್ಟ್ರಾನ್‌ಗಳನ್ನು ಯಾರು ಜೋರಾಗಿ ಎಳೆಯುತ್ತಾರೋ ಅವರ ಖಾತೆಗೇ ಬರೆಯುವುದು. ಒಂದು ಜಾಸ್ತಿ ಬಂದರೆ ಮೈನಸ್ 1, ಒಂದು ಕೈಬಿಟ್ಟರೆ ಪ್ಲಸ್ 1. ಎಲೆಕ್ಟ್ರಾನಿನದು ಋಣ ವಿದ್ಯುತ್, ಅದಕ್ಕೇ ಈ ಉಲ್ಟಾ ಲೆಕ್ಕ. ಕ್ಲೋರಿನ್ ಅನಿಲದಲ್ಲಿ ಎರಡು ಪರಮಾಣು, ಎರಡೂ ಕ್ಲೋರಿನ್ನೇ, ಸಮಬಲ. ಹಾಗಾಗಿ ಸೊನ್ನೆ.

ಗೋಕರ್ಣದ ಹತ್ತಿರ ಸಾಣಿಕಟ್ಟಾ ಆಗರದಲ್ಲಿ ಬೇಸಿಗೆಗೆ ಗುಡ್ಡೆ ಹಾಕುವ ಉಪ್ಪು ನೋಡಿದ್ದೀರಲ್ಲ, ಅದರಲ್ಲಿ ಕ್ಲೋರಿನ್ ಸೋಡಿಯಮ್ಮಿನಿಂದ ಒಂದು ಎಲೆಕ್ಟ್ರಾನ್ ಹೊಡೆದುಕೊಂಡು ಹೊಟ್ಟೆ ತುಂಬಿ ಕೂತಿದೆ. ಮೈನಸ್ 1. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 19 ಗ್ರಾಂ ಇಂಥ ಕ್ಲೋರಿನ್ ಇದೆ, ನಾವು ಅದರಲ್ಲೇ ಈಜುತ್ತೇವೆ. ಆ ಎಲೆಕ್ಟ್ರಾನ್ ವಾಪಸ್ ಕೀಳುವ ಒಂದು ದಾರಿ ಕರೆಂಟು. ಉಪ್ಪುನೀರಿಗೆ ಕರೆಂಟ್ ಹಾಯಿಸಿದರೆ ಕ್ಲೋರಿನ್ ಅನಿಲ, ಮತ್ತೆ ಸೊನ್ನೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಮಾಡುವ ವಿದ್ಯೆಯೂ ಇದೇ.

ಈ ಅನಿಲವನ್ನು ಅರಳಿದ ಸುಣ್ಣಕ್ಕೆ ಕುಡಿಸಿದರೆ ಬ್ಲೀಚಿಂಗ್ ಪೌಡರ್. ಮಜಾ ಇರುವುದು ಇಲ್ಲೇ. ಜೋಡಿ ಒಡೆಯುತ್ತದೆ. ಒಂದು ಕ್ಲೋರಿನ್ ಎಲೆಕ್ಟ್ರಾನ್ ಗಿಟ್ಟಿಸಿಕೊಂಡು ಮೈನಸ್ 1 ಆಗುತ್ತದೆ, ಇನ್ನೊಂದು ಆಕ್ಸಿಜನ್ನಿನ ಕೈಗೆ ಸಿಕ್ಕಿ ಪ್ಲಸ್ 1 ಆಗುತ್ತದೆ, ಯಾಕೆಂದರೆ ಎಳೆಯುವುದರಲ್ಲಿ ಆಕ್ಸಿಜನ್ ಕ್ಲೋರಿನ್‌ಗಿಂತ ಗಟ್ಟಿಗ. ಪರೀಕ್ಷೆಯಲ್ಲಿ ನಾನು ಎರಡನ್ನೂ ಕೂಡಿಸಿ ಸೊನ್ನೆ ಅಂತ ಬರೆದು ಮಾರ್ಕು ಕಳೆದುಕೊಂಡಿದ್ದೆ. ಸರಿಯಾಗೇ ಕಳೆದಿದ್ದರು ಬಿಡಿ. ಸರಾಸರಿ ನೋಡಿದರೆ ಪೌಡರು ಸಾಧು. ಬಾವಿಗೆ ಹಾಕಿದಾಗ ಕೆಲಸ ಮಾಡುವುದು ಆ ಪ್ಲಸ್ 1ರ ಹಸಿವೆ: ಕ್ರಿಮಿಯಿಂದಲೋ ಪಾಚಿಯಿಂದಲೋ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು, ಅದನ್ನು ಕೊಂದು, ತಾನು ಮೈನಸ್ 1 ಆಗಿ ತಣ್ಣಗಾಗುತ್ತದೆ.

ನಾನು ಮಾಡಿದ್ದೇನು? ಬಚ್ಚಲ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್, ಅದರಲ್ಲೂ ಕ್ಲೋರಿನ್ ಮೈನಸ್ 1. ಆಸಿಡ್ ಬಿದ್ದದ್ದೇ ತಡ, ಮೈನಸ್ಸಿನವನು ಪ್ಲಸ್ಸಿನವನಿಗೆ ಒಂದು ಎಲೆಕ್ಟ್ರಾನ್ ದಾಟಿಸಿದ. ಇಬ್ಬರೂ ಸೊನ್ನೆ, ಅಂದರೆ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಅದಕ್ಕೇ ನೆಲ ಬಿಡಲಿಲ್ಲ. 1774ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ ಇದೇ ಆಸಿಡ್ಡನ್ನು ಮ್ಯಾಂಗನೀಸ್ ಅದಿರಿನ ಜೊತೆ ಸೇರಿಸಿ ಈ ಹೊಗೆ ಎಬ್ಬಿಸಿದ್ದ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಡೇವಿ ಇದೊಂದು ಮೂಲವಸ್ತು ಅಂತ ಹೇಳಿ, ಬಣ್ಣ ನೋಡಿಯೇ ಹೆಸರಿಟ್ಟ.

ಕ್ಲೋರಿನ್ ಇನ್ನೂ ಮೇಲೂ ಹತ್ತುತ್ತದೆ. ಬೆಂಕಿಕಡ್ಡಿಯ ತಲೆಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟಿನಲ್ಲಿ ಪ್ಲಸ್ 5, ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಪರ್‌ಕ್ಲೋರೇಟಿನಲ್ಲಿ ಪ್ಲಸ್ 7. ಅಲ್ಲಿಗೆ ಹೊರಗಿನ ಏಳೂ ಎಲೆಕ್ಟ್ರಾನ್ ಲೆಕ್ಕದಲ್ಲಿ ಖಾಲಿ.

ನಮ್ಮನೆಯಲ್ಲಿ ಆಸಿಡ್ ಬಾಟಲಿ ಈಗ ಬೇರೆ ಕಪಾಟಿನಲ್ಲಿದೆ. ಅವತ್ತು ಆಸಿಡ್ ಬಿದ್ದ ಜಾಗದಲ್ಲಿ ಸಿಮೆಂಟ್ ತಿಂದುಹೋಗಿದೆ, ಪ್ರತಿ ಮಳೆಗಾಲಕ್ಕೂ ಪಾಚಿ ಮೊದಲು ಹಿಡಿಯುವುದು ಅಲ್ಲೇ.