ಮೋಡ ಬಿಡಿ, ಗಾಳಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳುವುದು ಒಂದೇ ವಿಷಯ. ಮಲೆನಾಡಿಗೆ ಮಳೆ ತರುವುದು ಗಾಳಿ. ನಿಮ್ಮ ತೋಟದ ಮರ ಅಲ್ಲಾಡಿಸುವ ಗಾಳಿ ಅಲ್ಲ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಓಡುವ ಗಾಳಿ.

ಇದು ಹೊರಡುವುದು ಭೂಮಧ್ಯರೇಖೆಯ ಆಚೆ, ಮಡಗಾಸ್ಕರ್ ಪೂರ್ವದ ಸಮುದ್ರದಿಂದ. ಪಶ್ಚಿಮಕ್ಕೆ ಬೀಸುತ್ತಾ ಕೀನ್ಯಾದ ಬೆಟ್ಟಗಳಿಗೆ ಬಂದು ತಡೆಯುತ್ತದೆ, ಉತ್ತರಕ್ಕೆ ಹೊರಳುತ್ತದೆ, ಆಮೇಲೆ ಭೂಮಿ ತಿರುಗುವ ಕಾರಣಕ್ಕೆ ಬಲಕ್ಕೆ ಬಾಗಿ ಸೊಮಾಲಿಯಾ ಪಕ್ಕದಿಂದ ಅರಬ್ಬೀ ಸಮುದ್ರದ ಮೇಲೆ ನಮ್ಮ ಕಡೆ ನುಗ್ಗುತ್ತದೆ. ಫಿಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞ 1969ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಇದಕ್ಕೆ ನಿಂತಿತು. ಘಟ್ಟ ಅಡ್ಡ ಸಿಕ್ಕಾಗ ಸಮುದ್ರದ ತೇವ ಹೊತ್ತ ಈ ಗಾಳಿ ಮೇಲೇರಬೇಕು, ಏರಿದರೆ ತಣ್ಣಗಾಗಬೇಕು, ತಣ್ಣಗಾದರೆ ನೀರು ಸುರಿಸಬೇಕು. ಅಷ್ಟೇ ಕಥೆ.

ತೀರ್ಥಹಳ್ಳಿ ಕಡೆಯ ನನ್ನ ಅಡಿಕೆ ಬೆಳೆಗಾರ ಸ್ನೇಹಿತರೊಬ್ಬರು ಪುನರ್ವಸು ಮಳೆ ಬಿಡುವು ಕೊಟ್ಟು ಹೊಳವಾದಾಗ ಬೆಳಿಗ್ಗೆಯೇ ಫೋನ್ ಮಾಡಿದರು. "ಬಿಸಿಲು ಬಿದ್ದಿದೆ, ಒಂದು ಮೋಡ ಇಲ್ಲ ಮಾರಾಯ್ರೆ, ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸ್ಲಾ?" ಬೇಡ, ಮೇಲಿನ ಗಾಳಿ ಜೋರಾಗ್ತಿದೆ, ತಡೀರಿ ಅಂದೆ. "ಗಾಳಿಯೇ ಇಲ್ಲ, ಒಂದು ಎಲೆ ಅಲ್ಲಾಡ್ತಿಲ್ಲ" ಅಂದರು! ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟ, ಬಂದವರನ್ನು ವಾಪಸ್ ಕಳಿಸುವುದು ಹೇಗೆ ಅಂತ ಮೈಲುತುತ್ತ, ಸುಣ್ಣ ಕಲಸಿ ಹೊಡೆಸಿಯೇ ಬಿಟ್ಟರು. ಗೊನೆಯ ಮೇಲೆ ಆ ಬೋರ್ಡೋ ದ್ರಾವಣ ಒಣಗುವ ಮೊದಲೇ ಮಳೆ ಹೊಯ್ಯಿತು, ತೋಟದ ಕಪ್ಪಿನಲ್ಲೆಲ್ಲ, ಅಂದರೆ ಬಸಿಗಾಲುವೆಗಳಲ್ಲೆಲ್ಲ, ನೀಲಿ ನೀರು. ಸಂಜೆ ಮತ್ತೆ ಫೋನ್. "ಈ ಮೋಡ ಎಲ್ಲಿತ್ತು?" ಅಯ್ಯೋ, ಮೋಡ ಎಲ್ಲೂ ಇರಲಿಲ್ಲ, ಗಾಳಿ ಬಂದು ಇಲ್ಲೇ ಮಾಡಿತು!

ಕಥೆ ಉದ್ದ ಆಯ್ತು, ಸಮಯ ಕಮ್ಮಿ ಇದೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ. ನೂರು ಕಿಲೋಮೀಟರೂ ಇಲ್ಲದ ಶಿವಮೊಗ್ಗ ಪೇಟೆಗೆ ಸಾವಿರದ ಆಸುಪಾಸು. ಘಟ್ಟ ದಾಟಿ ಇಳಿಯುವ ಗಾಳಿ ಸುರಿಸುವುದು ಕಮ್ಮಿ. ಅದೇ ಗಾಳಿ ಸೋತರೆ, ಅಥವಾ ದಕ್ಷಿಣಕ್ಕೆ ಸರಿದರೆ, ಜುಲೈನಲ್ಲೂ ನಮ್ಮಲ್ಲಿ ಹೊಳವು.

ಫೋನಿನಲ್ಲಿ ಗಾಳಿ ನಕ್ಷೆ ತೋರಿಸುವ ಆ್ಯಪ್‌ಗಳಿವೆ, ಮನೆಯ ಹುಡುಗರಿಗೆ ಗೊತ್ತಿರುತ್ತದೆ. ಎತ್ತರ ಅನ್ನುವಲ್ಲಿ 850 ಹೆಕ್ಟೋಪಾಸ್ಕಲ್ (hPa) ಆರಿಸಿ, ಅದು ಗಾಳಿಯ ಒತ್ತಡದ ಅಳತೆ, ಅಷ್ಟು ಒತ್ತಡ ಇರುವುದೇ ನಮ್ಮ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಅರಬ್ಬೀ ಸಮುದ್ರದಿಂದ ನಮ್ಮ ಕರಾವಳಿಗೆ ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಬರ್ತಾ ಇದ್ದರೆ, ಆಕಾಶ ಎಷ್ಟೇ ಬೆಳ್ಳಗಿರಲಿ, ಆ ದಿನ ಔಷಧಿ ಕಲಸಬೇಡಿ. ನಮಸ್ಕಾರ.